‘ಮನೆ’ ಅಂತ ವಿಷಯ ಕೊಟ್ಟರೆ ಎಲ್ಲರೂ ಅದೇ ಹೆಂಚಿನ ಮನೆ ಬರೆಯುತ್ತಾರೆ. ಇವತ್ತಿನ ಕಲಾವಿದರನ್ನು ಹೇಗೆ ತೋರಿಸುವುದು?

ಹೂಮಳೆ (ಮಡಿಕೇರಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಶನಿವಾರ ಮಧ್ಯಾಹ್ನ ಇನ್ನೊಂದು ಗುಂಪಿಗೂ ಹೇಳಿಕೊಡುತ್ತೇನೆ. ಪಿಯುಸಿ ಮುಗಿಸಿ ಬಿ.ವಿ.ಎ. (ದೃಶ್ಯಕಲೆಯ ಪದವಿ) ಸೇರಬೇಕು ಅಂತ ಇರುವ ಮಕ್ಕಳು ಅವರು. ಈ ಮಳೆಗಾಲ ಪೂರ್ತಿ ಅವರಿಗೆ ಒಂದೇ ವಿಷಯ ಕೊಡೋಣ ಅಂದುಕೊಂಡಿದ್ದೇನೆ: ಮನೆ. ಈಗಿನ ಕಲಾವಿದರು ಮನೆಯನ್ನು ಹೇಗೆಲ್ಲ ನೋಡಿದ್ದಾರೆ ಅಂತ ತೋರಿಸಬೇಕು, ಅಲ್ಲಿಂದ ಮಕ್ಕಳು ತಮ್ಮ ದಾರಿ ತಾವು ಹಿಡಿಯಬೇಕು.

ನನ್ನ ಭಯ ನಕಲಿನದ್ದು. ಹೋದ ವರ್ಷ ಒಂದು ಶಾಲೆಯ ಪ್ರದರ್ಶನ ನೋಡಿದೆ. ಅಲ್ಲಿ ಮಕ್ಕಳಿಗೆ ಎಲ್ ಅನಾಟ್ಸುಯಿ ತೋರಿಸಿದ್ದರು. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲಸ ಮಾಡಿದವರು. ಮದ್ಯದ ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಹೆಣೆದು, ಗೋಡೆ ತುಂಬ ಇಳಿಬಿಡುತ್ತಾರೆ. 2015ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಪಡೆದವರು. ಸರಿ, ಆ ಪ್ರದರ್ಶನದಲ್ಲಿ ಯಾವ ಮಗುವಿನ ಮುಂದೆ ನಿಂತರೂ ಮುಚ್ಚಳದ ಪರದೆ! ವಿಷಯ ‘ಪರಿಸರ’ ಅಂತೆ. ಮುಚ್ಚಳವೇ ಯಾಕಪ್ಪಾ ಅಂತ ಒಬ್ಬ ಹುಡುಗನನ್ನು ಕೇಳಿದೆ. ‘ಮಿಸ್ ತರೋಕೆ ಹೇಳಿದ್ರು’ ಅಂದ.

ಅನಾಟ್ಸುಯಿಗೆ ಆ ಮುಚ್ಚಳದ ಹಿಂದೆ ಒಂದು ಚರಿತ್ರೆ ಇದೆ. ಯುರೋಪಿನವರು ಆಫ್ರಿಕಾಕ್ಕೆ ಮದ್ಯ ತಂದದ್ದು, ಅದರ ಜೊತೆ ಗುಲಾಮರ ವ್ಯಾಪಾರ ನಡೆದದ್ದು, ಎಲ್ಲ. ಈ ಹುಡುಗನಿಗೆ ಆ ಮುಚ್ಚಳ ಹೋಮ್‌ವರ್ಕ್ ಅಷ್ಟೇ. ನಮ್ಮ ಗುಂಪಿನಲ್ಲಿ ಹೀಗಾಗಬಾರದು. ಅನುಭವ ಇದ್ದವರು ಹೇಳಿ.

ಬೇಲಿಗೂಟ

ಮುಚ್ಚಳಕ್ಕೇನು ಮೇಡಂ, ನಮ್ಮ ಊರಲ್ಲಿ ಒಂದು ಮದುವೆ ಮುಗಿದರೆ ವೆನಿಸಿಗೆ ಕಳಿಸುವಷ್ಟು ಸಿಗುತ್ತದೆ. ಕ್ಷಮಿಸಿ, ನೀವು ಮುಂದುವರಿಸಿ.

ಹಳೇ ಮೇಷ್ಟ್ರು (ಗೋಣಿಕೊಪ್ಪ)

ಹೂಮಳೆಯವರೇ, ನಾನು ನಿವೃತ್ತ ಚಿತ್ರಕಲಾ ಶಿಕ್ಷಕ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿ ಕೂರಿಸಿ ತಲೆ ನೆರೆತವನು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಕೊಡಪಾನದ ಎರಡು ಪಕ್ಕ ಸಮ ಬರೆಯಲು ಬರದ ಮಗುವಿಗೆ ಜಾಗ ತುಂಬ ಕಟ್ಟುವ ಈ ಇನ್‌ಸ್ಟಲೇಷನ್ ಯಾಕೆ? ಮೊದಲು ಕೈ ಕೂರಬೇಕು. ಆಮೇಲೆ ವಿಚಾರ.

ಇನ್ನೊಂದು. ಈ ಹೆಸರುಗಳೆಲ್ಲ ವಿದೇಶದವೇ ಯಾಕೆ? ನಮ್ಮವರು ಯಾರೂ ಇಲ್ಲವಾ?

ಕುಕ್ಕರಹಳ್ಳಿ (ಮೈಸೂರು, ಊರು ಸೋಮವಾರಪೇಟೆ)

ಮೇಷ್ಟ್ರೇ, ನಾನು ಬಿ.ವಿ.ಎ. ಕೊನೇ ವರ್ಷ. ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ.

ನಮ್ಮವರು ಇದ್ದಾರೆ. ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್. ಪೇಂಟಿಂಗ್ ಕಲಿತವರು. 90ರ ದಶಕದ ಆರಂಭದಲ್ಲಿ ಕ್ಯಾನ್ವಾಸ್ ಬಿಟ್ಟು ಸೆಗಣಿಯಲ್ಲಿ ಕೆಲಸ ಶುರು ಮಾಡಿದರು. ಅವರ ‘ಡಾರ್ಕ್‌ರೂಮ್’ ಅಂತ 2006ರ ಒಂದು ಕೆಲಸ ಇದೆ. ಮೇಡಂ ಕೊಟ್ಟ ವಿಷಯಕ್ಕೆ ಅದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. ರಸ್ತೆಗೆ ಹಾಕುವ ಟಾರಿನ ಡ್ರಮ್ ಇರುತ್ತದಲ್ವಾ, ಅದನ್ನೇ ಪೇರಿಸಿ, ಕೆಲವನ್ನು ತಗಡಿನಂತೆ ಬಿಚ್ಚಿ ಒಂದು ಗೂಡು ಕಟ್ಟಿದ್ದಾರೆ. ರಸ್ತೆ ಕೆಲಸದವರು ಕಟ್ಟಿಕೊಳ್ಳುವ ಗುಡಿಸಲಿನ ನೆನಪು. ಬಗ್ಗಿ ಒಳಗೆ ಹೋಗಬೇಕು. ಒಳಗೆ ಕಗ್ಗತ್ತಲು. ತಲೆ ಎತ್ತಿದರೆ ಮೇಲಿನ ತಗಡಿನಲ್ಲಿ ಸಣ್ಣ ಸಣ್ಣ ತೂತು, ಅದರಿಂದ ಬೆಳಕು, ನಕ್ಷತ್ರ ಕಂಡಂತೆ.

ಇನ್ನು ಮೇಡಂ ಪ್ರಶ್ನೆಗೆ. ನನ್ನ ಪ್ರಕಾರ ತಪ್ಪು ಇರುವುದು ಕಲಾವಿದರನ್ನು ತೋರಿಸುವುದರಲ್ಲಿ ಅಲ್ಲ, ಮೊದಲೇ ತೋರಿಸುವುದರಲ್ಲಿ. ಮೊದಲ ದಿನವೇ ಪ್ರೊಜೆಕ್ಟರ್ ಹಾಕಿದರೆ ಕಣ್ಣು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಹೇಳಿದರೂ ಅದೇ ಬರುತ್ತದೆ. ಎರಡು ಮೂರು ವಾರ ಮಕ್ಕಳು ತಮ್ಮ ಮನೆಯನ್ನೇ ನೋಡಲಿ. ಬರೆಯಲಿ, ಅಳೆಯಲಿ, ಏನಾದರೂ ಹೊತ್ತು ತರಲಿ. ಅವರ ಕೈಯಲ್ಲಿ ಒಂದು ಸಾಮಾನು, ತಲೆಯಲ್ಲಿ ಒಂದು ಪ್ರಶ್ನೆ ಬಂದ ಮೇಲೆ ಕಲಾವಿದರನ್ನು ಕರೆಯಿರಿ.

ಹಾಗೆಯೇ, ಒಬ್ಬರನ್ನೇ ಯಾವತ್ತೂ ತೋರಿಸಬೇಡಿ. ಒಬ್ಬರನ್ನು ತೋರಿಸಿದರೆ ಅದೇ ಸರಿ ಉತ್ತರ ಅಂದುಕೊಳ್ಳುತ್ತಾರೆ. ಒಂದೇ ವಿಷಯದಲ್ಲಿ ಎದುರುಬದುರು ನಿಂತ ಇಬ್ಬರನ್ನು ತೋರಿಸಿ. ಉದಾಹರಣೆಗೆ ರೇಚಲ್ ವೈಟ್‌ರೀಡ್ ಮತ್ತು ಡೊ ಹೊ ಸುಹ್.

ವೈಟ್‌ರೀಡ್ 1993ರಲ್ಲಿ ಲಂಡನ್ನಿನಲ್ಲಿ ಕೆಡವಬೇಕಿದ್ದ ಒಂದು ಹಳೇ ಸಾಲು ಮನೆಯ ಒಳಗೋಡೆಗೆಲ್ಲ ಕಾಂಕ್ರೀಟ್ ಹೊಡೆಸಿ, ಆಮೇಲೆ ಹೊರಗಿನ ಗೋಡೆಗಳನ್ನೇ ತೆಗೆಸಿದರು. ಉಳಿದದ್ದು ಮನೆಯೊಳಗಿನ ಖಾಲಿ ಜಾಗ, ಗಟ್ಟಿಯಾಗಿ. ಆ ವರ್ಷ ಬ್ರಿಟನ್ನಿನ ಟರ್ನರ್ ಕಲಾ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಹೆಂಗಸು ಅವರೇ. 1994ರ ಜನವರಿಯಲ್ಲಿ ಆ ಕೆಲಸವನ್ನೂ ಕೆಡವಿದರು.

ಸುಹ್ ಇದಕ್ಕೆ ಪೂರ್ತಿ ಉಲ್ಟಾ. ಸಿಯೋಲಿನವರು, 1962ರಲ್ಲಿ ಹುಟ್ಟಿದ್ದು. 1999ರಲ್ಲಿ ಹೆತ್ತವರ ಮನೆಯನ್ನು ಅಳತೆಗೆ ಅಳತೆ ತೆಳು ರೇಷ್ಮೆಯಲ್ಲಿ ಹೊಲಿದರು. ಮಡಚಿಕೊಂಡು ಎಲ್ಲಿಗೆ ಬೇಕಾದರೂ ಹೊರಡಬಹುದು. ಆಮೇಲೆ ಹೊಲಿದ ಮನೆಗಳಲ್ಲಿ ಬಾಗಿಲ ಹಿಡಿ, ಲೈಟಿನ ಸ್ವಿಚ್ಚು ಕೂಡ ಬಟ್ಟೆಯದ್ದೇ.

ಒಂದು ಮನೆ ಎತ್ತಲಾಗದಷ್ಟು ಭಾರ. ಇನ್ನೊಂದು ಪೆಟ್ಟಿಗೆಯಲ್ಲಿ ಹಿಡಿಸುತ್ತದೆ. ಇವೆರಡನ್ನು ಅಕ್ಕಪಕ್ಕ ಇಟ್ಟು ‘ನಿಮ್ಮ ಮನೆ ಯಾವ ಥರ?’ ಅಂತ ಕೇಳಿ ನೋಡಿ. ಆಗ ಮಕ್ಕಳು ನಕಲು ಮಾಡಲ್ಲ, ಜಗಳ ಆಡುತ್ತಾರೆ.

ಹಳೇ ಮೇಷ್ಟ್ರು

ಒಳ್ಳೆಯ ಮಾತು ತಮ್ಮಾ. ಆದರೆ ನೀನೇ ಹೇಳಿದೆ ನೋಡು, ಶೀಲಾ ಗೌಡ ಪೇಂಟಿಂಗ್ ಕಲಿತವರು ಅಂತ. ಉಳಿದ ಇಬ್ಬರು?

ಕುಕ್ಕರಹಳ್ಳಿ

ಸಿಕ್ಕಿಬಿದ್ದೆ ಮೇಷ್ಟ್ರೇ. ವೈಟ್‌ರೀಡ್ ಬ್ರೈಟನ್ನಿನಲ್ಲಿ ಪೇಂಟಿಂಗ್ ಓದಿ ಆಮೇಲೆ ಶಿಲ್ಪಕ್ಕೆ ಬಂದವರು. ಸುಹ್ ಸಿಯೋಲಿನಲ್ಲಿ ಪೌರ್ವಾತ್ಯ ಚಿತ್ರಕಲೆ ಓದಿದವರು.

ಹಳೇ ಮೇಷ್ಟ್ರು

ಅಷ್ಟೇ ನಾನು ಹೇಳಿದ್ದು.

ಇರಲಿ. ಒಂದು ವಿಚಾರಕ್ಕೆ ಮಾತ್ರ ನಿಮ್ಮ ಪರ ನಿಲ್ಲುತ್ತೇನೆ. ನಮ್ಮ ಕಡೆ ಮಕ್ಕಳಿಗೆ ಇನ್‌ಸ್ಟಲೇಷನ್ ಹೊಸದು ಅಂತ ಯಾರೂ ತಿಳಿಯಬೇಡಿ. ಮಡಿಕೇರಿ ದಸರಾದ ದಶಮಂಟಪ ನೋಡಿಕೊಂಡೇ ಬೆಳೆದವರು ಇವರು. ಟ್ರ್ಯಾಕ್ಟರ್ ಮೇಲೆ ಕೈಕಾಲು ಆಡಿಸುವ ರಾಕ್ಷಸ, ಲೈಟು, ಹೊಗೆ, ಸೌಂಡು. ಗೋಣಿಕೊಪ್ಪದಲ್ಲೂ ದಸರಾ ಮಂಟಪ ಹೊರಡುತ್ತವೆ. ಸುಮ್ನೆ ನೋಡುವುದಷ್ಟೇ ಅಲ್ಲ, ಎಷ್ಟೋ ಹುಡುಗರು ರಾತ್ರಿಯೆಲ್ಲ ಕೂತು ವೆಲ್ಡಿಂಗ್‌ಗೆ ಕೈ ಜೋಡಿಸುತ್ತಾರೆ. ದೊಡ್ಡದು ಕಟ್ಟುವ ಧೈರ್ಯ ಅವರಿಗೆ ಉಂಟು. ಚಾರ್ಟ್ ಪೇಪರ್ ಕೊಟ್ಟು ನಾವೇ ಅವರನ್ನು ಚಿಕ್ಕದು ಮಾಡುತ್ತೇವೆ.

ಹೂಮಳೆ

ಮೇಷ್ಟ್ರೇ, ಮಂಟಪದ ಮಾತು ನನಗೆ ಹೊಳೆದೇ ಇರಲಿಲ್ಲ! ನನ್ನ ಗುಂಪಿನಲ್ಲಿ ಇಬ್ಬರು ಮಂಟಪ ಸಮಿತಿಯಲ್ಲಿ ಓಡಾಡುವ ಹುಡುಗರೇ. ಕುಕ್ಕರಹಳ್ಳಿ, ಎರಡು ಮನೆಗಳನ್ನು ಎದುರುಬದುರು ಇಡುವುದು ತುಂಬ ಹಿಡಿಸಿತು.

ನನ್ನ ಯೋಚನೆ ಹೀಗೆ. ಗುಂಪಿನಲ್ಲಿ ಐನ್‌ಮನೆ (ಕುಟುಂಬದ ಮೂಲ ಮನೆ) ಇರುವ ಕೊಡವ ಮಕ್ಕಳು ಇದ್ದಾರೆ. ಎಸ್ಟೇಟಿನ ಲೈನ್ ಮನೆಯಿಂದ (ಕೆಲಸದವರ ಸಾಲು ಮನೆ) ಬರುವವರು ಇದ್ದಾರೆ. ಬಾಡಿಗೆ ಮನೆಯವರು, ಹೋಂಸ್ಟೇ ನಡೆಸುವವರು, 2018ರಲ್ಲಿ ಗುಡ್ಡ ಜರಿದ ಮೇಲೆ ಸರ್ಕಾರ ಕಟ್ಟಿಕೊಟ್ಟ ಬಡಾವಣೆಗೆ ಬಂದವರು ಕೂಡ. ಮೊದಲ ಕೆಲಸವಾಗಿ ಎಲ್ಲರೂ ತಮ್ಮ ಮನೆಯ ಒಂದು ಬಾಗಿಲಿನ ಅಚ್ಚು ತೆಗೆದು ತರಬೇಕು. ಬಾಗಿಲಿಗೆ ತೆಳು ಕಾಗದ ಒತ್ತಿ ಹಿಡಿದು, ಮೇಣದ ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜುವುದು. ಸುಹ್ ಕೂಡ ನ್ಯೂಯಾರ್ಕಿನಲ್ಲಿ ತಾವಿದ್ದ ಬಾಡಿಗೆ ಮನೆ ಬಿಡುವ ಮುಂಚೆ ಒಳಗೆಲ್ಲ ಕಾಗದ ಹಚ್ಚಿ ಬಣ್ಣದ ಪೆನ್ಸಿಲಿನಿಂದ ಉಜ್ಜಿ ತೆಗೆದಿದ್ದಾರೆ. ಅದನ್ನು ಮಕ್ಕಳಿಗೆ ಆಮೇಲೆ ಹೇಳುತ್ತೇನೆ, ಮೊದಲು ಅಲ್ಲ.

ಕರಿಮೆಣಸು (ಪೊನ್ನಂಪೇಟೆ ಕಡೆ)

ನಾನು ಕಲೆಯವನಲ್ಲ, ಕಾಫಿ ಬೆಳೆಗಾರ. ಮಗಳು ಇಂಥದ್ದೇ ಒಂದು ಕ್ಲಾಸಿಗೆ ಹೋಗುತ್ತಾಳೆ, ಅದಕ್ಕೆ ಓದುತ್ತಾ ಇದ್ದೆ. ಎರಡು ಮಾತು.

ಐನ್‌ಮನೆ ಅಂದರೆ ನಮಗೆ ಕಟ್ಟಡ ಅಲ್ಲ. ಅಲ್ಲಿ ಗುರುಕಾರಣರು (ಕುಲದ ಹಿರಿಯರು) ಇದ್ದಾರೆ, ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ದೀಪ ಉರಿಯುತ್ತದೆ. ಮಕ್ಕಳು ಕಾಗದ ಹಿಡಿದುಕೊಂಡು ನುಗ್ಗಿ ಕಂಬ ಉಜ್ಜುವುದು ಸರಿಯಲ್ಲ. ಕುಟುಂಬದ ಹಿರಿಯ, ಅಂದರೆ ಪಟ್ಟೆದಾರರನ್ನು ಕೇಳಿ. ಹೊರಗಿನ ಐಮರ (ಕೂರುವ ಹಲಗೆ), ಕೈಯಾಲೆಯ (ಜಗಲಿಯ) ಕಂಬ ಇವಕ್ಕೆ ಬಹುಶಃ ಬೇಡ ಅನ್ನಲ್ಲ. ಹಿರಿಯರ ಗುಡಿ ಕೈಮಡದ ಹತ್ತಿರ ಮಾತ್ರ ಬೇಡವೇ ಬೇಡ.

ಎರಡನೆಯದು. ಒಂದು ಮಗು ಕೆತ್ತನೆಯ ಬಾಗಿಲಿನ ಅಚ್ಚು ತರುತ್ತದೆ, ಪಕ್ಕದ ಮಗು ಲೈನ್ ಮನೆಯ ತಗಡಿನ ಬಾಗಿಲಿನದ್ದು. ಎರಡನ್ನೂ ಒಂದೇ ಗೋಡೆಗೆ ಹಾಕುತ್ತೀರಿ. ಮಕ್ಕಳ ಮಧ್ಯೆ ನೀವೇ ಗೆರೆ ಎಳೆದ ಹಾಗೆ ಆಗುವುದಿಲ್ಲವಾ?

ಸಿಲ್ವರ್ ಓಕ್

ಗೆರೆ ಮೊದಲೇ ಉಂಟು ಸರ್. ನಾನು ಲೈನ್ ಮನೆಯಲ್ಲಿ ಬೆಳೆದವನು. ಈಗ ಕುಶಾಲನಗರದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಶಾಲೆಯಲ್ಲಿ ‘ನನ್ನ ಮನೆ’ ಅಂತ ಚಿತ್ರ ಬರೆಸಿದಾಗಲೆಲ್ಲ ನಾನು ಎರಡು ಕಿಟಕಿ, ಒಂದು ಬಾಗಿಲು, ಮುಂದೆ ಹೂವಿನ ಗಿಡ ಬರೆದು ಕೊಟ್ಟವನು. ನಮ್ಮ ಮನೆಗೆ ಇದ್ದದ್ದು ಒಂದು ಕಿಟಕಿ. ಸಾಲಾಗಿ ಹತ್ತು ಮನೆ. ನಡುವಿನ ಗೋಡೆ ಮಾಡಿನವರೆಗೆ ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಮನೆಯವರ ರೇಡಿಯೋ ನಮಗೂ ಕೇಳುತ್ತಿತ್ತು, ನಮ್ಮ ಮನೆಯ ಒಣಮೀನಿನ ವಾಸನೆ ಅವರಿಗೂ ಹೋಗುತ್ತಿತ್ತು. ಒಲೆಯ ಹೊಗೆ ಹಿಡಿದು ಗೋಡೆಯ ಮೇಲರ್ಧ ಕಪ್ಪು. ಕೆಳಗೆ ಅಮ್ಮ ಪೇಪರ್ ಅಂಟಿಸಿದ್ದಳು, ಅದರಲ್ಲಿ ನಾನು ಕನ್ನಡ ಓದಲು ಕಲಿತೆ. ಇದನ್ನೆಲ್ಲ ಬರೆಯಬಹುದು ಅಂತ ಯಾರೂ ಹೇಳಲಿಲ್ಲ.

ಕೆತ್ತನೆ ಬಾಗಿಲಿನ ಮಗುವಿಗೆ ನಾಚಿಕೆ ಇಲ್ಲ. ತಗಡಿನ ಬಾಗಿಲಿನ ಮಗು ಮಾತ್ರ ಅಡಗಿಸಿಕೊಳ್ಳಬೇಕಾ? ಮೇಡಂ, ಇಬ್ಬರದ್ದೂ ಹಾಕಿ. ಒಂದೇ ಎತ್ತರಕ್ಕೆ, ಒಂದೇ ಅಳತೆಗೆ ಹಾಕಿ. ಉಜ್ಜಿ ತೆಗೆದ ಮೇಲೆ ಲೈನ್ ಮನೆಯ ಬಾಗಿಲಲ್ಲಿ ಎಷ್ಟು ಇರುತ್ತದೆ ಗೊತ್ತಾ? ಮನೆ ನಂಬರು, ಜನಗಣತಿಯವರು ಹಾಕಿದ ಗುರುತು, ಮೊದಲಿದ್ದವರು ಬೀಗಕ್ಕೆ ಹೊಡೆದ ಮೊಳೆಯ ತೂತು, ಅದರ ಪಕ್ಕ ನಾವು ಹೊಡೆದದ್ದು.

ಆ ಟಾರ್ ಡ್ರಮ್ಮಿನ ಮನೆಯ ಫೋಟೋ ಈಗಷ್ಟೇ ಹುಡುಕಿ ನೋಡಿದೆ. ಅದನ್ನು ಮಾಡಿದವರು ಭದ್ರಾವತಿಯವರು ಅಂತ ತಿಳಿದು ಖುಷಿಯಾಯಿತು.

ಕರಿಮೆಣಸು

ಒಪ್ಪಿದೆ. ಅಚ್ಚಿನ ಕೆಳಗೆ ಹೆಸರು ಹಾಕುವುದೋ ಬಿಡುವುದೋ, ಅದನ್ನು ಮಕ್ಕಳನ್ನೇ ಕೇಳಿ.

ಮಕ್ಕಂದೂರಿನವಳು

ತುಂಬ ಹೊತ್ತಿನಿಂದ ಓದುತ್ತಾ ಇದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

2018ರ ಆಗಸ್ಟಿನಲ್ಲಿ ನಮ್ಮ ಮನೆ ಹೋಯಿತು. ಮನೆ ಮಾತ್ರ ಅಲ್ಲ, ಮನೆ ಇದ್ದ ಜಾಗವೂ ಹೋಯಿತು. ನಾನಾಗ ಒಂಬತ್ತನೇ ಕ್ಲಾಸ್. ಮುಂದಿನ ವರ್ಷ ಒಂದು ಶಾಲೆಯಲ್ಲಿ ಚಿತ್ರಕಲಾ ಸ್ಪರ್ಧೆ ಇಟ್ಟರು. ವಿಷಯ ‘ಭೂಕುಸಿತ’. ನನ್ನನ್ನು ಕರೆದು ‘ನೀನು ಬರೆದರೆ ಚೆನ್ನಾಗಿರುತ್ತದೆ, ನೀನು ನೋಡಿದ್ದೀಯಲ್ಲ’ ಅಂದರು. ಕೆಂಪು ಮಣ್ಣು, ಬಿದ್ದ ಮರ, ಹೆಲಿಕಾಪ್ಟರ್ ಬರೆದೆ. ಬಹುಮಾನ ಬಂತು. ಟಿ.ವಿ.ಯಲ್ಲಿ ಬಂದದ್ದನ್ನೇ ಬರೆದಿದ್ದೆ. ನಾನು ನೋಡಿದ್ದು ಅದಲ್ಲ.

ಹಾಗಾಗಿ ಹೂಮಳೆ ಅಕ್ಕಾ, ನಿಮ್ಮ ಗುಂಪಿನಲ್ಲಿರುವ ನಮ್ಮಂಥ ಮಕ್ಕಳನ್ನು ‘ಬಿದ್ದ ಮನೆ’ಯ ಕಡೆ ತಳ್ಳಬೇಡಿ. ಬಾಗಿಲಿನ ಅಚ್ಚು ತನ್ನಿ ಅಂದರೆ ಅವರು ಯಾವ ಬಾಗಿಲಿಗೆ ಹೋಗಬೇಕು? ಜಂಬೂರು, ಕರ್ಣಂಗೇರಿ, ಮದೆನಾಡು ಕಡೆ ಕಟ್ಟಿಕೊಟ್ಟ ಮನೆಗಳ ಬಾಗಿಲೆಲ್ಲ ಒಂದೇ ಥರ. ಅದನ್ನು ತರುತ್ತೇನೆ ಅಂದರೆ ತರಲಿ. ಇನ್ನೇನೋ ತರುತ್ತೇನೆ ಅಂದರೆ ಅದಕ್ಕೂ ಜಾಗ ಇರಲಿ. ನಮ್ಮಜ್ಜಿ ಓಡುವಾಗ ಹಿಡಿದುಕೊಂಡು ಬಂದದ್ದು ರೇಷನ್ ಕಾರ್ಡು ಮತ್ತು ಮೀನಿನ ಚಟ್ಟಿ. ಯಾಕೆ ಚಟ್ಟಿ ಅಂತ ಅವಳಿಗೂ ಗೊತ್ತಿಲ್ಲ.

ನನಗೆ ಇಷ್ಟವಾದ ಒಬ್ಬ ಕಲಾವಿದೆಯ ಹೆಸರು ಹೇಳುತ್ತೇನೆ. ಡೋರಿಸ್ ಸಾಲ್ಸೆಡೊ, ಕೊಲಂಬಿಯಾದವರು. ಅಲ್ಲಿಯ ಹಿಂಸೆಯಲ್ಲಿ ಮನೆಯವರನ್ನು ಕಳೆದುಕೊಂಡವರ ಜೊತೆ ಕೂತು ಮಾತಾಡಿ, ಆಮೇಲೆ ಕೆಲಸ ಮಾಡುತ್ತಾರೆ. ಬಳಸಿದ ಮರದ ಬೀರು, ಕುರ್ಚಿ, ಮಂಚಕ್ಕೆ ಸಿಮೆಂಟು ತುಂಬುತ್ತಾರೆ. ಅದರಲ್ಲಿ ರಕ್ತ ಇಲ್ಲ, ಯಾರ ಮುಖವೂ ಇಲ್ಲ. ಬೀರುವಿನ ಬಾಗಿಲು ಇನ್ನು ತೆರೆಯುವುದಿಲ್ಲ, ಅಷ್ಟೇ. ನನ್ನನ್ನು ಯಾರೂ ಏನೂ ಕೇಳದೆ ನನ್ನ ವಿಷಯ ಹೇಳಿದ ಹಾಗಾಯಿತು.

ಹೂಮಳೆ

ಧನ್ಯವಾದ ತಂಗಿ. ಬಾಗಿಲು ಕಡ್ಡಾಯ ಅಲ್ಲ ಅಂತ ಈಗಲೇ ಬದಲಾಯಿಸುತ್ತೇನೆ. ‘ಮನೆಯ ಯಾವುದಾದರೂ ಒಂದು ಮೈ’ ಅಂತ ಇಡುತ್ತೇನೆ. ಬಾಗಿಲು, ನೆಲ, ಮೊರ, ಪಾತ್ರೆಯ ತಳ, ಏನಾದರೂ ಸರಿ. ಯಾಕೆ ಅದನ್ನೇ ತಂದೆ ಅಂತ ತರಗತಿಯಲ್ಲಿ ಎಲ್ಲರ ಮುಂದೆ ಹೇಳಬೇಕು ಅನ್ನುವ ನಿಯಮವೂ ಬೇಡ. ಡೈರಿಯಲ್ಲಿ ಬರೆದಿಟ್ಟರೆ ಸಾಕು, ಅದನ್ನು ಕೇಳದೆ ನಾನೂ ಓದುವುದಿಲ್ಲ.

ಬೇಲಿಗೂಟ

ಈ ಸಲ ತಮಾಷೆ ಅಲ್ಲ. ದಯವಿಟ್ಟು ಕಾಫಿ ಡಿಕಾಕ್ಷನ್ನಿನಲ್ಲಿ ಐನ್‌ಮನೆ ಬರೆಸಬೇಡಿ. ಹೋಂಸ್ಟೇ ಗೋಡೆಗಳೆಲ್ಲ ಅದರಿಂದಲೇ ತುಂಬಿವೆ. ಕೊಡಗು ಅಂದರೆ ಕಾಫಿ, ಕಾಫಿ ಅಂದರೆ ಬ್ರೌನ್ ಅಂತ ಯಾರು ಹೇಳಿಕೊಟ್ಟರೋ. ಮಳೆಗಾಲದ ನಿಜವಾದ ಬಣ್ಣ ನೀಲಿ ಟಾರ್ಪಾಲು. ಸೌದೆಗೆ ನೀಲಿ, ಬೈಕಿಗೆ ನೀಲಿ, ಸೋರುವ ಮಾಡಿಗೆ ನೀಲಿ.

ಕುಕ್ಕರಹಳ್ಳಿ

ಇದು ಸರಿಯಾದ ಮಾತು! ಮೇಡಂ, ಸಾಮಾನಿನ ವಿಚಾರದಲ್ಲಿ ಹೀಗೇ ಕೇಳಬೇಕು. ಸುಹ್ ಮಾಡಿದ್ದು ರೇಷ್ಮೆಯಲ್ಲಿ ಅಂತ ನಾವು ರೇಷ್ಮೆ ಹುಡುಕುವುದಲ್ಲ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬರುವ ತೆಳು ಬಟ್ಟೆ ಯಾವುದು? ಹಳೇ ಸೊಳ್ಳೆ ಪರದೆ. ನರ್ಸರಿಯ ಶೇಡ್ ನೆಟ್. ನನ್ನ ಜೂನಿಯರ್ ಒಬ್ಬಳು ಹಾಸ್ಟೆಲಿನ ತನ್ನ ಬಾಗಿಲಿನ ಚಿಲಕವನ್ನು ಸೊಳ್ಳೆ ಪರದೆಯಲ್ಲಿ ಹೊಲಿದಿದ್ದಳು. ಕೊಂಡಿ, ತಿರುಪು, ಬೀಗ ಹಾಕುವ ಕಿವಿ ಎಲ್ಲ ದಾರದಲ್ಲೇ. ಮುಟ್ಟಿದರೆ ಜೋತು ಬೀಳುತ್ತದೆ. ಯಾರನ್ನೂ ತಡೆಯದ ಚಿಲಕ. ಇಡೀ ಬಾಗಿಲು ಹೊಲಿದಿದ್ದರೆ ಸುಹ್ ನಕಲಾಗುತ್ತಿತ್ತು. ಚಿಲಕ ಮಾತ್ರ ಹೊಲಿದಳು, ಹಾಗಾಗಿ ಅದು ಅವಳದ್ದೇ ಆಯಿತು.

ಚಿಕ್ಕದರಲ್ಲೇ ಮಾಡಬೇಕು ಅನ್ನುವ ಮಕ್ಕಳಿಗೆ ಜರೀನಾ ಹಾಶ್ಮಿ ತೋರಿಸಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ ಎಷ್ಟೋ ದೇಶಗಳಲ್ಲಿ ಬಾಳಿದವರು. ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಅನ್ನುವ 1999ರ ಸರಣಿಯಲ್ಲಿ 36 ಮರದ ಅಚ್ಚಿನ ಚಿತ್ರಗಳಿವೆ. ಒಂದೊಂದರಲ್ಲೂ ಒಂದು ಉರ್ದು ಪದ, ಕೆಲವೇ ಕಪ್ಪು ಗೆರೆ. ಮೇಷ್ಟ್ರಿಗೂ ಇಷ್ಟವಾಗುತ್ತದೆ, ಗೆರೆ ಒಂದಿಷ್ಟೂ ಅಲುಗುವುದಿಲ್ಲ.

ಹಳೇ ಮೇಷ್ಟ್ರು

ನೋಡಿದೆ. ಗೆರೆ ಚೆನ್ನಾಗಿದೆ.

ಹೂಮಳೆಯವರೇ, ಒಂದು ಷರತ್ತು ಹಾಕುತ್ತೇನೆ. ಹೊಲಿಯಲಿ, ಉಜ್ಜಲಿ, ಏನು ಬೇಕಾದರೂ ಮಾಡಲಿ. ಆದರೆ ಮಾಡುವ ಮೊದಲು ಆ ವಸ್ತುವನ್ನು ಪೆನ್ಸಿಲಿನಲ್ಲಿ ಕೂತು ಬರೆಯಲಿ, ಅಳತೆ ಹಾಕಲಿ. ಚಿಲಕ ಹೊಲಿಯುವವಳು ಚಿಲಕವನ್ನು ನಾಲ್ಕು ಕಡೆಯಿಂದ ಬರೆದಿರಬೇಕು. ಇಲ್ಲದಿದ್ದರೆ ಬಿ.ವಿ.ಎ. ಪ್ರವೇಶ ಪರೀಕ್ಷೆಯ ಹಾಲಿನಲ್ಲಿ ಕೂತು ಏನು ಮಾಡುತ್ತಾಳೆ?

ಹೂಮಳೆ

ಒಪ್ಪಿಗೆ. ಹಾಗಾದರೆ ಕ್ರಮ ಹೀಗಿಡುತ್ತೇನೆ. ಜೂನ್ ಪೂರ್ತಿ ಅಚ್ಚು ಮತ್ತು ಪೆನ್ಸಿಲ್. ಜುಲೈಯಲ್ಲಿ ವೈಟ್‌ರೀಡ್ ಮತ್ತು ಸುಹ್ ಎದುರುಬದುರು, ಆಮೇಲೆ ಶೀಲಾ ಗೌಡ. ಅವರ ಕೆಲಸದ ಗಾತ್ರ ತಿಳಿಯಲಿ ಅಂತ ಅಂಗಳ ಒಣಗಿದ ದಿನ ಮಕ್ಕಳಿಂದಲೇ ಸೀಮೆಸುಣ್ಣದಲ್ಲಿ ಒಂದು ಕೋಣೆಯ ಅಳತೆ ಎಳೆಸುತ್ತೇನೆ, ಫೋನಿನ ಪರದೆಯಲ್ಲಿ ಎಲ್ಲವೂ ಅಂಗೈಯಷ್ಟೇ ಕಾಣುತ್ತದೆ. ಸಾಲ್ಸೆಡೊ ಮತ್ತು ಜರೀನಾ ಅವರನ್ನು ಯಾರಿಗೆ ಬೇಕೋ ಅವರಿಗೆ ಮಾತ್ರ, ಬೇರೆಯಾಗಿ. ಆಗಸ್ಟಿನಿಂದ ಅವರದ್ದೇ ಕೆಲಸ.

ವೈಟ್‌ರೀಡ್ ವಿಧಾನವನ್ನು ಕೈಯಾರೆ ಮಾಡಿಸಬೇಕು ಅಂತ ಆಸೆ. ಬೆಂಕಿಪೊಟ್ಟಣ, ಟಿಫಿನ್ ಡಬ್ಬಿಯ ಒಳಗಿನ ಜಾಗವನ್ನು ಪಿ.ಓ.ಪಿ.ಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎರಕ ಹೊಯ್ಯುವುದು. ಯಾರಾದರೂ ಮಾಡಿಸಿದ್ದೀರಾ?

ಸಿಲ್ವರ್ ಓಕ್

ಫ್ಲೆಕ್ಸ್ ಅಂಗಡಿಗೆ ಮುಂಚೆ ಸೀಲಿಂಗ್ ಕೆಲಸ ಮಾಡುತ್ತಿದ್ದೆ, ಪಿ.ಓ.ಪಿ. ನನಗೆ ಗೊತ್ತು. ನೀರು ಮೊದಲು, ಪುಡಿ ಆಮೇಲೆ. ನೀರಿನ ಮೇಲೆ ಪುಡಿ ಉದುರಿಸುತ್ತಾ ಹೋಗಿ, ಮೇಲೆ ಸಣ್ಣ ದ್ವೀಪ ಎದ್ದ ಹಾಗೆ ಕಂಡಾಗ ನಿಲ್ಲಿಸಿ ಕಲಸಿ. ಜಾಸ್ತಿ ಕಲಸಿದರೆ ಬೇಗ ಕಟ್ಟಿಕೊಳ್ಳುತ್ತದೆ. ಡಬ್ಬಿಗೆ ಒಳಗಿನಿಂದ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ಬಾಯಿ ಕಿರಿದಾದ ಡಬ್ಬಿ ಬೇಡ, ಎರಕ ಹೊರಗೆ ಬರುವುದಿಲ್ಲ. ಬೆಂಕಿಪೊಟ್ಟಣ ಆದರೆ ರಟ್ಟನ್ನು ನೆನೆಸಿ ಸುಲಿದರೆ ಆಯಿತು.

ಮುಖ್ಯವಾದದ್ದು: ಗಟ್ಟಿಯಾಗುವಾಗ ಬಿಸಿ ಏರುತ್ತದೆ. ‘ನನ್ನ ಕೈಯ ಅಚ್ಚು’ ಅಂತ ಯಾವ ಮಗುವೂ ಅದರೊಳಗೆ ಕೈ ಇಟ್ಟು ಕೂರಬಾರದು, ಸುಟ್ಟು ಗಾಯವಾಗುತ್ತದೆ. ಪುಡಿ ಸುರಿಯುವಾಗ ಮೂಗಿಗೆ ಬಟ್ಟೆ. ಉಳಿದದ್ದನ್ನು ಸಿಂಕಿಗೆ ಚೆಲ್ಲಬೇಡಿ, ಪೈಪು ಕಟ್ಟುತ್ತದೆ. ಬಕೆಟಿನಲ್ಲೇ ಗಟ್ಟಿಯಾಗಲು ಬಿಟ್ಟು ಬಿಸಾಡಿ. ಅರ್ಧ ಗಂಟೆಯಲ್ಲಿ ಗಟ್ಟಿಯಾದರೂ ನಮ್ಮ ಜುಲೈ ತೇವದಲ್ಲಿ ಪೂರ್ತಿ ಒಣಗಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಬಣ್ಣ ಹಚ್ಚಬೇಡಿ.

ಕರಿಮೆಣಸು

ಒಣಗಿಸುವ ಚಿಂತೆ ನನಗೆ ಬಿಡಿ. ಮೆಣಸು ಒಣಗಿಸುವ ಕೋಣೆ ಜುಲೈಯಲ್ಲಿ ಖಾಲಿ ಇರುತ್ತದೆ, ಆಳೆತ್ತರದ ಹಲಗೆ ಸಾಲು ಉಂಟು. ಮಡಿಕೇರಿಯಿಂದ ಸ್ವಲ್ಪ ದೂರ, ಆದರೆ ವಾರಕ್ಕೊಮ್ಮೆ ನಮ್ಮ ಜೀಪು ಬರುತ್ತದೆ. ಐನ್‌ಮನೆಯ ವಿಚಾರ ಕೈಲ್ ಪೊಳ್ದ್ (ಆಯುಧ ಪೂಜೆಯ ಹಬ್ಬ) ದಿನ ಎಲ್ಲರೂ ಸೇರುವಾಗ ಪಟ್ಟೆದಾರರ ಹತ್ತಿರ ಪ್ರಸ್ತಾಪಿಸುತ್ತೇನೆ. ಅವರು ಒಪ್ಪಿದರೆ ಸೆಪ್ಟೆಂಬರಿನಲ್ಲಿ ಬನ್ನಿ. ಲೈನ್ ಮನೆಯ ಮಕ್ಕಳೂ ಬರಲಿ.

ಕುಕ್ಕರಹಳ್ಳಿ

ಸಾಧ್ಯವಾದರೆ ಕೊಚ್ಚಿ ಬಿಯೆನಾಲೆಗೂ ಒಮ್ಮೆ ಕರೆದುಕೊಂಡು ಹೋಗಿ ಮೇಡಂ. 2012ರಲ್ಲಿ ಶುರುವಾದದ್ದು. ಅಲ್ಲಿ ವಿದ್ಯಾರ್ಥಿಗಳದ್ದೇ ಬೇರೆ ಬಿಯೆನಾಲೆ ಕೂಡ ನಡೆಯುತ್ತದೆ. ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ಮೇಲೆ ಕಣ್ಣೂರಿಗೆ ಬಸ್ಸು, ಅಲ್ಲಿಂದ ಎರ್ನಾಕುಲಕ್ಕೆ ರೈಲು.

ಕರಿಮೆಣಸು

ಅದು ಡಿಸೆಂಬರಿನಿಂದ ಮಾರ್ಚ್ ಅಲ್ವಾ? ಕಾಫಿ ಕುಯ್ಲಿನ ಸಮಯ. ಲೈನಿನ ಮಕ್ಕಳು ರಜೆಯಲ್ಲಿ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಬೆಳೆಗಾರರ ಮನೆಯಲ್ಲೂ ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್ ಕೊನೆಗೆ ಇಟ್ಟುಕೊಳ್ಳಿ, ಪರೀಕ್ಷೆ ಅಡ್ಡ ಬರದಿದ್ದರೆ.

ಮಕ್ಕಂದೂರಿನವಳು

ಅಕ್ಕಾ, ಜುಲೈಯಲ್ಲಿ ಒಂದು ಶನಿವಾರ ನಾನೂ ಬರಬಹುದಾ? ಪಾಠ ಮಾಡೋಕಲ್ಲ. ಅಜ್ಜಿಯ ಚಟ್ಟಿಯ ಒಳಗನ್ನು ಎರಕ ಹೊಯ್ದು ನೋಡಬೇಕು ಅನ್ನಿಸಿದೆ. ಬಾಯಿ ಅಗಲ ಇದೆ, ಹೊರಗೆ ಬರುತ್ತದೆ ಅಂತ ಕಾಣುತ್ತದೆ.

ಸಿಲ್ವರ್ ಓಕ್

ಮಣ್ಣಿನ ಚಟ್ಟಿಯಾದರೆ ಎಣ್ಣೆ ಹೀರಿಬಿಡುತ್ತದೆ, ಪಿ.ಓ.ಪಿ. ಹಿಡಿದುಕೊಂಡು ಚಟ್ಟಿ ಒಡೆಯಬಹುದು. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಹೊಯ್ಯಿರಿ. ಸ್ವಲ್ಪ ಸುಕ್ಕು ಬೀಳುತ್ತದೆ, ಚಟ್ಟಿ ಉಳಿಯುತ್ತದೆ. ಮೊದಲು ಬೇರೆ ಚಟ್ಟಿಯಲ್ಲಿ ಮಾಡಿ ನೋಡಿ.